ಡಬ್ಬಿ ತುಂಬ ವಾಚು, ಕಟ್ಟಿಕೊಳ್ಳುವುದು ಒಂದೇ

ಕಳೆದ ಸಂಚಿಕೆಯ ಸಮಸ್ಯೆ:

ವಯಸ್ಸು ನಲವತ್ತರ ಹತ್ತಿರ. ಊರು ಕಾರ್ಕಳ, ಇರುವುದು ಥಾಣೆಯಲ್ಲಿ, ಕೆಲಸ ಲೋವರ್ ಪರೇಲಿನಲ್ಲಿ. ಕಾಲೇಜಿನ ಕಾಲದಿಂದಲೂ ವಾಚಿನ ಹುಚ್ಚು. ಈಗ ಮರದ ಡಬ್ಬಿ ತುಂಬಿದೆ. ಅಪ್ಪನ ಎಚ್‌ಎಂಟಿ ಜನತಾ, ಒಂದು ಎಚ್‌ಎಂಟಿ ಪೈಲಟ್, ಸೀಕೋ 5, ಜಿ-ಶಾಕ್, ಟೈಟನ್ ಎಡ್ಜ್, ಚೋರ್ ಬಜಾರಿನಲ್ಲಿ ಕೊಂಡ ಬಣ್ಣಬಣ್ಣದ ಡಯಲಿನ ನಾಲ್ಕೈದು, ಬೋನಸ್ ಬಂದಾಗ ಕೊಂಡ ಒಂದು ಸ್ವಿಸ್ ಆಟೋಮ್ಯಾಟಿಕ್ (ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುವುದು). ಸ್ವಿಸ್ ವಾಚನ್ನು ಲೋಕಲ್ ರೈಲಿನಲ್ಲಿ ಕಟ್ಟಲು ಹೆದರಿಕೆ. ಅರ್ಧದಷ್ಟು ನಿಂತುಹೋಗಿವೆ. ಬೆಳಿಗ್ಗೆ ಯಾವುದು ಕಟ್ಟಲಿ ಎಂದು ನೋಡುತ್ತ ನಿಂತರೆ ಗಾಡಿ ತಪ್ಪುತ್ತದೆ. ಎಲ್ಲ ಮಾರಿ ಒಂದೇ ಒಂದು ಇಟ್ಟುಕೊಳ್ಳೋಣ ಎನಿಸುತ್ತಿದೆ. ಆದರೆ ವಾಚಿನ ಹುಚ್ಚಿರುವವನು ಒಂದೇ ವಾಚಿನಲ್ಲಿ ನೆಮ್ಮದಿಯಾಗಿ ಇರಬಲ್ಲನೇ? ಇರಬಹುದಾದರೆ ಯಾವುದನ್ನು ಇಟ್ಟುಕೊಳ್ಳಲಿ?

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ‘ಫೋನಿನಲ್ಲೇ ಟೈಮು ಕಾಣುತ್ತಲ್ಲ, ವಾಚು ಯಾಕೆ?’ ಎಂದು ಬರೆದವರೂ ಇದ್ದಾರೆ. ಅದು ಈ ಪ್ರಶ್ನೆಗೆ ಉತ್ತರವಲ್ಲವಾದ್ದರಿಂದ ಬಿಟ್ಟಿದ್ದೇವೆ.

*

ಡಬ್ಬಿ ತೆಗೆದು ಮೇಜಿನ ಮೇಲೆ ಇಡಿ. ವಾಚಿನ ಮುಖ ನೋಡಬೇಡಿ, ಬೆಲ್ಟು ನೋಡಿ. ಯಾವ ಬೆಲ್ಟಿನಲ್ಲಿ ಒಂದು ತೂತು ಮಾತ್ರ ಎಳೆದುಕೊಂಡು ಉದ್ದವಾಗಿದೆ, ಬಕಲ್ ಕೂತ ಜಾಗದಲ್ಲಿ ಗೆರೆ ಬಿದ್ದಿದೆ, ಒಳಬದಿ ಬೆವರಿಗೆ ಕಪ್ಪಾಗಿದೆ, ಅದೇ ನಿಮ್ಮ ವಾಚು. ಉಳಿದವು ನೀವು ಕೊಂಡ ವಾಚುಗಳು. ಸ್ಟೀಲ್ ಚೈನಿನದ್ದಾದರೆ ಕೊಂಡಿಯ ಹೊರಮೈ ನೋಡಿ. ಆಫೀಸಿನ ಮೇಜಿಗೆ ಉಜ್ಜಿ ಉಜ್ಜಿ ಗೀರು ಬಿದ್ದಿರಬೇಕು.

ನಾನು ದಾದರಿನಲ್ಲಿ ವಾಚು ರಿಪೇರಿ ಮಾಡುವವನು. ಮೂಲ ಗದಗ. ನಿಮ್ಮಂಥ ಗಿರಾಕಿಗಳು ನನಗೆ ಹೊಸಬರಲ್ಲ. ದುಬಾರಿ ವಾಚನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಾರೆ, ‘ಇದನ್ನ ಹುಷಾರಾಗಿ ನೋಡಿ’ ಎನ್ನುತ್ತಾರೆ. ಆಗ ಅವರ ಕೈಯಲ್ಲಿ ಇನ್ನೊಂದು ವಾಚು ಇರುತ್ತದಲ್ಲ, ಗಾಜು ಗೀರಿದ್ದು, ಅದರ ಬಗ್ಗೆ ಒಂದು ಮಾತೂ ಇರುವುದಿಲ್ಲ. ನನ್ನ ಕಣ್ಣು ಮಾತ್ರ ಅದರ ಮೇಲೇ ಇರುತ್ತದೆ.

ಖರ್ಚಿನ ವಿಷಯ ಹೇಳಿಬಿಡುತ್ತೇನೆ. ಕೀ ಕೊಡುವ ವಾಚಾಗಲಿ, ಆಟೋಮ್ಯಾಟಿಕ್ ಆಗಲಿ, ಮಷೀನಿನ ಒಳಗೆ ಎಣ್ಣೆ ಇರುತ್ತದೆ. ನೀವು ಕಟ್ಟಿದರೂ ಕಟ್ಟದಿದ್ದರೂ ಅದು ನಿಧಾನವಾಗಿ ಒಣಗುತ್ತದೆ, ಜಿಗುಟಾಗುತ್ತದೆ. ಇಂದಿನ ಎಣ್ಣೆಗಳು ಹೆಚ್ಚು ಬಾಳುತ್ತವೆ, ನಿಜ. ಆದರೂ ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕಿಸುವುದು ಒಳ್ಳೆಯದು ಎಂದು ನಾನು ಹೇಳುವುದು. ಮುಂಬಯಿಯ ಸೆಕೆಗೆ ಹಿಂಬದಿ ಮುಚ್ಚಳದ ರಬ್ಬರ್ ರಿಂಗ್ ಬೇಗ ಸಾಯುತ್ತದೆ. ಮುಚ್ಚಳ ತೆಗೆದರೆ ಅಂಚಿನ ಸುತ್ತ ಬೆವರು, ಧೂಳು, ಸೋಪು ಸೇರಿ ಕಪ್ಪು ಜಿಡ್ಡು ಕೂತಿರುತ್ತದೆ. ಸೂಜಿಯಲ್ಲಿ ಕೆರೆದು ತೆಗೆಯಬೇಕು. ಸೆಲ್ಲಿನ ವಾಚು ನಿಂತಿದೆ ಎಂದು ಸುಮ್ನೆ ಡಬ್ಬಿಯಲ್ಲಿ ಹಾಕಿಟ್ಟರೆ ಸೆಲ್ಲು ಸೋರಿ ಸರ್ಕ್ಯೂಟನ್ನೇ ತಿಂದುಬಿಡುತ್ತದೆ. ನಿಂತ ಸೆಲ್ಲನ್ನು ಇವತ್ತೇ ತೆಗೆಸಿ, ವಾಚು ಮಾರುತ್ತೀರೋ ಇಟ್ಟುಕೊಳ್ಳುತ್ತೀರೋ ಆಮೇಲೆ ನೋಡಿ.

ಇನ್ನು ನಿಮ್ಮ ಪ್ರಶ್ನೆ. ಒಂದೇ ವಾಚು ಎಂದು ಗಟ್ಟಿ ಮಾಡಿದರೆ, ಅದು ಸರ್ವಿಸಿಗೆ ನನ್ನ ಹತ್ತಿರ ಬಂದಾಗ ಏನು ಕಟ್ಟುತ್ತೀರಿ? ಮಷೀನು ಬಿಚ್ಚಿ ಜೋಡಿಸುವುದಕ್ಕಿಂತ ಆಮೇಲಿನ ಪರೀಕ್ಷೆಗೇ ಸಮಯ ಜಾಸ್ತಿ. ಡಯಲ್ ಮೇಲೆ ಮಾಡಿ ಒಂದು ದಿನ, ಕೆಳಗೆ ಮಾಡಿ ಒಂದು ದಿನ, ಕೀ ಕೆಳಗೆ ಬರುವ ಹಾಗೆ ನಿಲ್ಲಿಸಿ ಒಂದು ದಿನ ಇಟ್ಟು ಎಷ್ಟು ಹಿಂದೆ ಮುಂದೆ ಓಡುತ್ತದೆ ನೋಡಬೇಕು. ಎರಡು ಮೂರು ವಾರ ಬೇಕೇ ಬೇಕು. ಅದಕ್ಕೆ ಕ್ಯಾಸಿಯೋ ಎಫ್-91ಡಬ್ಲ್ಯೂ ಒಂದನ್ನು ಡ್ರಾಯರಿನಲ್ಲಿ ಇಡಿ. 1989ರಲ್ಲಿ ಬಂದ ವಾಚು, ಇವತ್ತಿಗೂ ಅದೇ ರೂಪದಲ್ಲಿ ಸಿಗುತ್ತದೆ, ಸೆಲ್ಲು ಏಳು ವರ್ಷ ಬರುತ್ತದೆ ಎಂದು ಕಂಪನಿಯೇ ಹೇಳುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಅಪ್ಪನ ಜನತಾ ಮಾರಬೇಡಿ. ಮಾರಿದರೂ ಬರುವುದು ಅಷ್ಟಕ್ಕಷ್ಟೆ. ಎಚ್‌ಎಂಟಿ ವಾಚು ಕಂಪನಿ ಮುಚ್ಚಲು 2016ರಲ್ಲಿ ಸರಕಾರ ತೀರ್ಮಾನಿಸಿತು. ಹೊಸ ಸಾಮಾನು ಬರುವುದಿಲ್ಲ, ಸತ್ತ ವಾಚಿನಿಂದ ಕಿತ್ತು ಬದುಕಿರುವ ವಾಚಿಗೆ ಹಾಕುತ್ತೇವೆ. ಜನತಾ ಅಷ್ಟೊಂದು ತಯಾರಾಗಿದ್ದರಿಂದ ಇನ್ನೂ ಸಿಗುತ್ತಿದೆ. ಆದರೆ ಅದನ್ನೇ ನಿತ್ಯದ ಒಂದೇ ವಾಚು ಮಾಡಿಕೊಳ್ಳಬೇಡಿ. ನೀರು ತಡೆಯುವ ವಾಚಲ್ಲ ಅದು. ಜುಲೈ ತಿಂಗಳಲ್ಲಿ ಥಾಣೆ ಸ್ಟೇಷನ್ನಿನಿಂದ ಮನೆ ಮುಟ್ಟುವಷ್ಟರಲ್ಲಿ ಗಾಜಿನ ಒಳಗೆ ಮಂಜು ಕಟ್ಟುತ್ತದೆ.

— ವಾಚು ರಿಪೇರಿಯವ, ದಾದರ್

*

ನಮ್ಮ ಯಜಮಾನರೂ ಇದನ್ನೇ ಮಾಡಿದರು. ಎಲ್ಲ ಮಾರಿದರು, ಒಂದು ಇಟ್ಟುಕೊಂಡರು. ನಾನು ಖುಷಿಪಟ್ಟೆ. ಮಾರಿದ ದುಡ್ಡಿನಲ್ಲಿ ಅಡುಗೆಮನೆಯ ಕಟ್ಟೆ ಹೊಸದಾಯಿತು.

ಆಮೇಲೆ ನೋಡಿದರೆ ವಾಚು ಹೋಗಿದೆ, ಹುಚ್ಚು ಹೋಗಿಲ್ಲ. ಮೊದಲು ಡಬ್ಬಿ ತೆಗೆದು ಒರೆಸುತ್ತ ಕೂರುತ್ತಿದ್ದವರು ಈಗ ರಾತ್ರಿ ಊಟ ಆದಮೇಲೆ ಫೋನು ಹಿಡಿದು ಯಾರ್ಯಾರದೋ ವಾಚು ನೋಡುತ್ತ ಕೂರುತ್ತಾರೆ. ಕರೆದರೆ ಕೇಳಿಸುವುದಿಲ್ಲ. ಒರೆಸುವಾಗ ಕರೆದರಾದರೂ ‘ಹ್ಞಾಂ’ ಎನ್ನುತ್ತಿದ್ದರು!

ಈಗ ಒಂದು ದಾರಿ ಸಿಕ್ಕಿದೆ. ಇಲ್ಲಿ ಪುಣೆಯಲ್ಲಿ ಜೂನಾ ಬಜಾರ್ ಇದೆಯಲ್ಲ, ಬುಧವಾರ ಮತ್ತು ಭಾನುವಾರ ಸೇರುತ್ತದೆ. ಅಲ್ಲಿಗೆ ಹೋಗುತ್ತಾರೆ. ತುಕ್ಕು ಹಿಡಿದ ಬೀಗ, ಹಳೇ ಟೇಪ್ ರೆಕಾರ್ಡರ್, ಒಂಟಿ ಬೂಟುಗಳ ನಡುವೆ ಕುಕ್ಕರಗಾಲಲ್ಲಿ ಕೂತು ನಿಂತ ವಾಚು ಹುಡುಕುತ್ತಾರೆ. ಅಗ್ಗದ್ದು ಒಂದು ತರುತ್ತಾರೆ, ರಿಪೇರಿ ಮಾಡಿಸುತ್ತಾರೆ, ನಾಲ್ಕು ದಿನ ಕಟ್ಟುತ್ತಾರೆ, ಆಮೇಲೆ ನೆಂಟರ ಹುಡುಗರಿಗೆ ಕೊಟ್ಟುಬಿಡುತ್ತಾರೆ. ಧಾರವಾಡದ ನನ್ನ ತಮ್ಮನ ಮಗ, ನಮ್ಮ ಕೆಲಸದವಳ ಮಗ, ಕೆಳಗಿನ ಮನೆ ಅಜ್ಜ, ಎಲ್ಲರ ಕೈಯಲ್ಲೂ ಇವರ ವಾಚೇ. ಮನೆಯಲ್ಲಿ ಉಳಿಯುವುದು ಒಂದೇ.

ಹಾಗಾಗಿ ಒಂದೇ ವಾಚು ಇಟ್ಟುಕೊಳ್ಳಬಹುದು. ಒಂದೇ ವಾಚಿನ ಬಗ್ಗೆ ಮಾತ್ರ ಯೋಚಿಸುತ್ತೇನೆ ಅಂತ ಹೆಂಡತಿಗೆ ಮಾತು ಕೊಡಬೇಡಿ.

— ಗೃಹಿಣಿ, ಕೋಥ್ರೂಡ್, ಪುಣೆ

*

ಮಾರಬೇಡಿ ಸರ್! ಅಂದರೆ, ಎಲ್ಲವನ್ನೂ ಮಾರಬೇಡಿ.

ಮೊದಲು ಆ ಬಣ್ಣಬಣ್ಣದ ಡಯಲಿನವು ಹೋಗಲಿ. ವಾಚು ಸಂಗ್ರಹಿಸುವವರಲ್ಲಿ ಅವಕ್ಕೆ ‘ಮುಂಬೈ ಸ್ಪೆಷಲ್’ ಎಂದೇ ಹೆಸರು. ಹಳೇ ಎಚ್‌ಎಂಟಿ, ಸೀಕೋ 5, ಫಾವ್ರ್ ಲೂಬಾ ಯಾವುದಾದರೂ ಸಿಕ್ಕರೆ ಡಯಲಿಗೆ ಹೊಸ ಬಣ್ಣ ಹೊಡೆದು, ಮುಳ್ಳು ಇನ್ನೊಂದು ವಾಚಿನದ್ದು ಹಾಕಿ, ಪಾಲಿಷ್ ಮಾಡಿ ಮಾರುತ್ತಾರೆ. ಭೂತಗನ್ನಡಿಯಲ್ಲಿ ಡಯಲ್ ನೋಡಿ. ಅಕ್ಷರದ ಅಂಚು ಹರಡಿಕೊಂಡಿದ್ದರೆ, ನಿಮಿಷದ ಗೆರೆಗಳು ಅಂಕಿಗೆ ಸರಿಯಾಗಿ ಕೂಡದಿದ್ದರೆ, ಕೆಳಗೆ ಸಣ್ಣಕ್ಷರದಲ್ಲಿ ಇರಬೇಕಾದ ನಂಬರ್ ಇಲ್ಲದಿದ್ದರೆ ಅದು ಅದೇ. ಕಂಪನಿ ಯಾವತ್ತೂ ಮಾಡದ ಗಿಳಿಹಸಿರು ಡಯಲ್ ಇದ್ದರಂತೂ ಕೇಳುವುದೇ ಬೇಡ. ಮಾರುವಾಗ ಕೊಳ್ಳುವವರಿಗೆ ಸತ್ಯ ಹೇಳಿ ಮಾರಿ. ಅಷ್ಟಕ್ಕೇ ನಿಮ್ಮ ಡಬ್ಬಿ ಅರ್ಧ ಖಾಲಿ.

ಉಳಿದವಕ್ಕೆ ಒಂದೊಂದಕ್ಕೂ ಕೆಲಸ ಇದೆ. ಟೈಟನ್ ಎಡ್ಜ್ 2002ರಲ್ಲಿ ಬಂದಾಗ ಇಡೀ ವಾಚಿನ ದಪ್ಪ 3.5 ಮಿಲಿಮೀಟರ್, ಒಳಗಿನ ಮಷೀನು 1.15 ಮಿಲಿಮೀಟರ್. ಹೊಸೂರಿನ ಕಾರ್ಖಾನೆಯ ಹುಡುಗರು ಮಾಡಿದ್ದು ಅದು, ಸ್ವಿಸ್ಸಿನವರಲ್ಲ. ಮದುವೆಗೆ ತೋಳಿನ ಗುಂಡಿ ಹಾಕಿದರೆ ಒಳಗೆ ವಾಚಿದೆ ಅಂತಲೇ ಗೊತ್ತಾಗುವುದಿಲ್ಲ. ಆದರೆ ಅದನ್ನು ಕಟ್ಟಿಕೊಂಡು ಈಜಲು ಹೋಗಬೇಡಿ. ವಾಚಿನ ಹಿಂದೆ 30 ಮೀಟರ್ ಎಂದು ಬರೆದಿದ್ದರೆ 30 ಮೀಟರ್ ಆಳಕ್ಕೆ ಇಳಿಯಬಹುದು ಅಂತಲ್ಲ. ಲ್ಯಾಬಿನಲ್ಲಿ ಅಲುಗದ ನೀರಿನ ಒತ್ತಡಕ್ಕೆ ಹಾಕಿದ ಲೆಕ್ಕ ಅದು. ಕೈ ತೊಳೆಯುವಾಗ ಹನಿ ಬಿದ್ದರೆ ಪರವಾಗಿಲ್ಲ, ಅಷ್ಟೆ. ಈಜಲು 100 ಇದ್ದರೆ ನಿಶ್ಚಿಂತೆ. ಜಿ-ಶಾಕ್ 200 ಮೀಟರಿನದ್ದು, ಅದು ನಿಮ್ಮ ಮಳೆಗಾಲದ ವಾಚು. ಲೋಕಲಿನ ಬಾಗಿಲ ಕಂಬಿಗೆ ಬಡಿದರೂ ಅಂಜಬೇಕಿಲ್ಲ. ಕೈಜಾರಿ ಬಿದ್ದರೂ ಒಡೆಯದ ವಾಚು ಬೇಕು ಎಂಬ ಹಟದಿಂದಲೇ ಕಿಕುಓ ಇಬೆ ಎಂಬ ಎಂಜಿನಿಯರು ಅದನ್ನು ಮಾಡಿದ್ದು, 1983ರಲ್ಲಿ.

ಅದನ್ನೇ ಕಟ್ಟಿಕೊಂಡು ಊರಿನ ಮದುವೆಗೆ ಹೋಗುತ್ತೀರಾ? ಹೋಗಬಹುದು. ಫೋಟೋದಲ್ಲಿ ಪಂಚೆ, ಶಲ್ಯ, ಮತ್ತೆ ಆ ಕರಿ ರಬ್ಬರು. ಹೆಂಡತಿ ಆಲ್ಬಮ್ ತೆಗೆದಾಗಲೆಲ್ಲ ನೆನಪಿಸುತ್ತಾರೆ.

ನನ್ನ ಲೆಕ್ಕ ಮೂರು. ಮಳೆಗೆ ಒಂದು, ಆಫೀಸಿಗೆ ಒಂದು, ಅಪ್ಪನದು ಒಂದು. ಒಂದಕ್ಕೆ ಇಳಿಯುವುದು ಹಟಕ್ಕೆ ಮಾಡುವ ಕೆಲಸ. ವ್ರತ ಹಿಡಿದವರು ಅದರ ಬಗ್ಗೆಯೇ ಮಾತಾಡಿ ತಲೆ ತಿನ್ನುತ್ತಾರೆ.

— ಒಬ್ಬ ವಾಚು ಹುಚ್ಚ, ನೆರೂಲ್

*

ನಿಮ್ಮ ಪತ್ರ ಓದಿ ನಕ್ಕೆ. ಸಿಟ್ಟಾಗಬೇಡಿ.

ನನಗೆ ಎಪ್ಪತ್ತಾರು. ಮದುವೆಯಲ್ಲಿ ಮಾವನವರು ಕೊಟ್ಟ ಎಚ್‌ಎಂಟಿ ಒಂದೇ ನನ್ನ ವಾಚು. ಆಗ ಎಲ್ಲರಿಗೂ ಕಾಂಚನ್ ಬೇಕಿತ್ತು, ಆಟೋಮ್ಯಾಟಿಕ್, ಚಿನ್ನದ ಬಣ್ಣದ್ದು. ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಬ್ಲ್ಯಾಕಿನಲ್ಲಿ ಕೊಳ್ಳಬೇಕಿತ್ತು. ಎಷ್ಟೋ ಮದುವೆ ಮಾತುಕತೆಯಲ್ಲಿ ಅದರ ಹೆಸರು ಬರುತ್ತಿತ್ತು. ನನಗೆ ಬಂದದ್ದು ಕೀ ಕೊಡುವುದು. ಆ ಕಂಪನಿ ಜಪಾನಿನ ಸಿಟಿಜನ್‌ನವರ ಜೊತೆ ಸೇರಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಕಾರ್ಖಾನೆ ಶುರು ಮಾಡಿತ್ತು. ನಮ್ಮ ನಾಡಿನದೇ ವಾಚು ಅಂತ ಡೊಂಬಿವಲಿ ಚಾಳಿನಲ್ಲಿ ಮರಾಠಿಯವರಿಗೆಲ್ಲ ತೋರಿಸುತ್ತಿದ್ದೆ.

ಒಂದೇ ವಾಚಿನಲ್ಲಿ ನೆಮ್ಮದಿ ಇತ್ತೇ ಎಂದರೆ, ಆ ಪ್ರಶ್ನೆಯೇ ಹುಟ್ಟಲಿಲ್ಲ. ನಾನೇನು ದೊಡ್ಡ ಮನುಷ್ಯ ಅಂತಲ್ಲ. ಎರಡನೆಯದಕ್ಕೆ ದುಡ್ಡಿರಲಿಲ್ಲ. ಇದನ್ನು ಸಂತೃಪ್ತಿ ಎಂದು ಕರೆದು ನಿಮಗೆ ಬುದ್ಧಿ ಹೇಳಲು ನನಗೆ ಮುಜುಗರ. ನಿಮ್ಮ ಕೈಯಲ್ಲಿ ದುಡ್ಡಿದೆ, ಆಸೆ ಇದೆ. ಇದ್ದೂ ಬಿಡುವುದು ಬೇರೆ, ಇಲ್ಲದೆ ಇರುವುದು ಬೇರೆ.

ನಮ್ಮ ತಂದೆಯ ವಿಷಯ ಒಂದು ಹೇಳುತ್ತೇನೆ. 1906ರಲ್ಲಿ ದೇಶಕ್ಕೆಲ್ಲ ಒಂದೇ ಟೈಮು ಬಂದರೂ ಈ ಊರು ಒಪ್ಪಲಿಲ್ಲ. ಬಾಂಬೆ ಟೈಮು ಅಂತ ಬೇರೆಯೇ ಇತ್ತು, 39 ನಿಮಿಷ ಹಿಂದೆ. 1955ರವರೆಗೂ ನಡೆಯಿತು. ತಂದೆಯವರ ಹತ್ತಿರ ಇದ್ದದ್ದು ಒಂದು ಜೇಬುಗಡಿಯಾರ. ಯಾರಾದರೂ ಟೈಮೆಷ್ಟು ಎಂದರೆ ‘ಯಾವುದು ಬೇಕು?’ ಎಂದು ಕೇಳಿ, ಬೇಕಾದರೆ 39 ನಿಮಿಷ ಕಳೆದು ಹೇಳುತ್ತಿದ್ದರಂತೆ. ಎರಡು ಟೈಮಿಗೆ ಎರಡು ವಾಚು ಬೇಕು ಅಂತ ಅವರಿಗೆ ಹೊಳೆಯಲೇ ಇಲ್ಲ. ನಿಮಗಾಗಿದ್ದರೆ ಹೊಳೆಯುತ್ತಿತ್ತು, ಅಲ್ವಾ?

— ನಿವೃತ್ತ ಬ್ಯಾಂಕ್ ನೌಕರ, ಡೊಂಬಿವಲಿ

*

ನಾನು ಮಡಗಾಂವಿನಲ್ಲಿ ನರ್ಸು. ನಮ್ಮ ವಾರ್ಡಿನಲ್ಲಿ ಮೊಣಕೈ ಕೆಳಗೆ ಏನೂ ಇರುವಂತಿಲ್ಲ. ಬಳೆ ಇಲ್ಲ, ವಾಚು ಇಲ್ಲ. ಎದೆಗೆ ಪಿನ್ನು ಹಾಕಿ ತೂಗುಬಿಡುವ ಪುಟ್ಟ ಗಡಿಯಾರ ಇದೆ, ನಾವು ತಲೆ ತಗ್ಗಿಸಿದರೆ ನೆಟ್ಟಗೆ ಕಾಣುವ ಹಾಗೆ ತಲೆಕೆಳಗಾಗಿ ಕೂರಿಸಿರುತ್ತಾರೆ. ನಾಡಿ ಎಣಿಸಲು ಸೆಕೆಂಡಿನ ಮುಳ್ಳು ಬೇಕು. ಅದೊಂದಿದ್ದರೆ ಸಾಕು, ಬೇರೆ ಏನೂ ಕೇಳುವುದಿಲ್ಲ. ನೀವು ಯಾವುದನ್ನು ಇಟ್ಟುಕೊಂಡರೂ ಸೆಕೆಂಡಿನ ಮುಳ್ಳು ಇರುವುದನ್ನು ಇಟ್ಟುಕೊಳ್ಳಿ ಅಣ್ಣ. ಮನೆಯಲ್ಲಿ ವಯಸ್ಸಾದವರು ಇರುತ್ತಾರೆ.

— ಮಡಗಾಂವ್, ಗೋವಾ

*

ಗಾಂಧೀಜಿ ಹತ್ತಿರ ಎಷ್ಟು ವಾಚಿತ್ತು ಎಂದು ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಅವರ ಝೆನಿತ್ ಪಾಕೆಟ್ ವಾಚು 2009ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಾಯಿತು. ಕನ್ನಡಕ, ಚಪ್ಪಲಿ, ಬಟ್ಟಲು, ತಟ್ಟೆ ಎಲ್ಲ ಸೇರಿ 18 ಲಕ್ಷ ಡಾಲರ್. ಕೊಂಡವರು ವಿಜಯ್ ಮಲ್ಯ. ಗಾಂಧೀಜಿಗೆ ಟೈಮು ನೋಡಲು ವಾಚು ಬೇಕಿತ್ತು. ನಮ್ಮಂಥವರಿಗೆ ವಾಚು ನೋಡಲು ಟೈಮು ಒಂದು ನೆಪ. ಅವರ ಉದಾಹರಣೆ ನಮಗೆ ಕೆಲಸಕ್ಕೆ ಬರುವುದಿಲ್ಲ.

ನಾನು ಕೆಲವು ವರ್ಷಗಳಿಂದ ಒಂದೇ ವಾಚಿನವನು. ಮೊದಲು ನಿಮ್ಮ ಹಾಗೇ ಡಬ್ಬಿ ಇತ್ತು. ಹೇಗಿರುತ್ತದೆ ಎಂದು ನೇರವಾಗಿ ಹೇಳುತ್ತೇನೆ.

ಮೊದಮೊದಲು ಬೇಜಾರು. ಬೆಳಿಗ್ಗೆ ಕೈ ಡ್ರಾಯರಿಗೆ ಹೋಗುತ್ತದೆ, ಅಲ್ಲಿ ಆರಿಸಲು ಏನೂ ಇಲ್ಲ. ಆಮೇಲೆ ಒಂದು ವಿಷಯ ಗಮನಕ್ಕೆ ಬರುತ್ತದೆ. ಆಟೋಮ್ಯಾಟಿಕ್ ವಾಚು ಒಂದೂವರೆ ದಿನ ಕಟ್ಟದೆ ಬಿಟ್ಟರೆ ನಿಲ್ಲುತ್ತದೆ. ಡಬ್ಬಿ ಇದ್ದಾಗ ದಿನಾ ಬೆಳಿಗ್ಗೆ ಟೈಮು, ತಾರೀಖು ತಿರುಗಿಸುವುದೇ ಕೆಲಸ. ಅದರಲ್ಲೂ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರ ನಡುವೆ ಮುಳ್ಳು ನಿಂತಿದ್ದರೆ ತಾರೀಖು ಮುಟ್ಟಬಾರದು, ಹಲ್ಲಿನ ಚಕ್ರ ಮುರಿಯುತ್ತದೆ. ಮೊದಲು ಮುಳ್ಳನ್ನು ಆರಕ್ಕೆ ತಂದು ಆಮೇಲೆ ತಾರೀಖು. ಒಂದೇ ಆದಮೇಲೆ ವಾಚು ನಿಲ್ಲುವುದೇ ಇಲ್ಲ. ಮೂವತ್ತೊಂದು ಇಲ್ಲದ ತಿಂಗಳ ಕೊನೆಗೆ ಒಂದು ಸಲ ಕೀ ಎಳೆದರೆ ಮುಗಿಯಿತು. ನನ್ನದು ದಿನಕ್ಕೆ ಎಷ್ಟು ಮುಂದೆ ಓಡುತ್ತದೆ, ರಾತ್ರಿ ಯಾವ ಮಗ್ಗುಲಲ್ಲಿ ಇಟ್ಟರೆ ಅದು ಸರಿಹೋಗುತ್ತದೆ, ಎಲ್ಲ ಈಗ ಗೊತ್ತು. ಅದು ಹತ್ತು ವಾಚು ಇದ್ದಾಗ ಒಂದರ ಬಗ್ಗೆಯೂ ಗೊತ್ತಿರಲಿಲ್ಲ.

ಬದಲಾವಣೆ ಬೇಕೆನಿಸಿದರೆ ಬೆಲ್ಟು ಬದಲಾಯಿಸುತ್ತೇನೆ. ಮಳೆಗಾಲಕ್ಕೆ ರಬ್ಬರು, ದಸರೆ ಕಳೆದ ಮೇಲೆ ಚರ್ಮ. ವಾಚಿನ ಕಿವಿಗಳ, ಅಂದರೆ ಬೆಲ್ಟು ಸಿಕ್ಕಿಸುವ ಕೊಂಬುಗಳ, ನಡುವಿನ ಅಗಲ 20 ಮಿಲಿಮೀಟರ್ ಇದ್ದರೆ ಎಲ್ಲ ಅಂಗಡಿಯಲ್ಲೂ ಬೆಲ್ಟು ಸಿಗುತ್ತದೆ. 19 ಇದ್ದರೆ ಹುಡುಕಾಟ. ಇದು ಚಿಲ್ಲರೆ ವಿಷಯ ಎನಿಸಬಹುದು, ಆದರೆ ಒಂದೇ ವಾಚು ಆರಿಸುವಾಗ ಅಳೆದು ನೋಡಿ.

ಈಗ ನಿಮ್ಮ ಸ್ವಿಸ್ ವಾಚು. ಲೋಕಲಿನಲ್ಲಿ ಕಟ್ಟಲು ಹೆದರಿಕೆ ಎಂದಿದ್ದೀರಿ. ಹಾಗಾದರೆ ಅದು ನಿಮ್ಮ ಒಂದೇ ವಾಚಾಗಲು ಲಾಯಕ್ಕಿಲ್ಲ, ಎಷ್ಟೇ ಚೆನ್ನಾಗಿರಲಿ. ಒಂದೋ ಮೊದಲ ಗೀರು ಬೀಳುವವರೆಗೆ ಕಟ್ಟಿ ಭಯ ಕಳೆದುಕೊಳ್ಳಿ, ಇಲ್ಲವೇ ಅದನ್ನೇ ಮೊದಲು ಮಾರಿ. ಬೋನಸ್ಸಿನ ವಾಚು ಎಂಬ ಮಮಕಾರ ಬೇಡ. ಬೋನಸ್ಸು ಮತ್ತೆ ಬರುತ್ತದೆ. ನನ್ನ ಅಂದಾಜು, ನಿಮಗೆ ಉಳಿಯುವುದು ಸೀಕೋ 5. 1963ರಲ್ಲಿ ಶುರುವಾದ ಸರಣಿ ಅದು. ಆಟೋಮ್ಯಾಟಿಕ್, ವಾರ ಮತ್ತು ತಾರೀಖು ಒಂದೇ ಕಿಟಕಿಯಲ್ಲಿ, ಬೆವರಿಗೆ ಜಗ್ಗುವುದಿಲ್ಲ. ರಿಪೇರಿ ಮಾಡುವವರು ಗಲ್ಲಿಗೊಬ್ಬರು. ಯಾರೂ ಕೈ ಹಿಡಿದು ‘ಇದು ಎಷ್ಟು?’ ಎಂದು ಕೇಳುವುದಿಲ್ಲ.

ಮಾರುವ ಮುಂಚೆ ಒಂದು ಪರೀಕ್ಷೆ ಮಾಡಿ. ಒಂದು ವಾಚು ಕಟ್ಟಿಕೊಂಡು ಡಬ್ಬಿಯನ್ನು ಅಕ್ಕನ ಮನೆಯಲ್ಲೋ ಭಾವನ ಮನೆಯಲ್ಲೋ ಇಡಿ. ಜೂನಿನಲ್ಲಿ ಕೊಟ್ಟು ಗಣಪತಿ ಹಬ್ಬಕ್ಕೆ ಹೋದಾಗ ವಾಪಸ್ ಪಡೆಯಿರಿ. ಆ ಮಧ್ಯೆ ಡಬ್ಬಿಯಲ್ಲಿರುವ ಯಾವುದೋ ಒಂದನ್ನು ನೆನೆದುಕೊಂಡರೆ ಅದನ್ನು ಇಟ್ಟುಕೊಳ್ಳಿ. ಡಬ್ಬಿ ನೆನಪಾಗದೆ ಅಂಗಡಿಯ ಹೊಸ ವಾಚೇ ಕಣ್ಣೆದುರು ಬರುತ್ತಿದ್ದರೆ, ನಿಮಗೆ ಇರುವುದು ಕೊಳ್ಳುವ ಹುಚ್ಚು. ಅದಕ್ಕೆ ಒಂದೂ ಸಾಲದು, ನೂರೂ ಸಾಲದು. ಹಾಗಿದ್ದರೆ ಮಾರಿ ಪ್ರಯೋಜನವಿಲ್ಲ, ಮುಂದಿನ ವರ್ಷ ಡಬ್ಬಿ ಮತ್ತೆ ತುಂಬುತ್ತದೆ. ಕೊಂಡು, ನಾಲ್ಕು ದಿನ ಕಟ್ಟಿ, ಬೇರೆಯವರಿಗೆ ಹಂಚುವ ದಾರಿ ಅಂಥವರಿಗೇ ಸರಿ.

ಅಂದಹಾಗೆ, ಅಪ್ಪನ ಜನತಾವನ್ನು ಒಂದು ಸಲ ಕಿವಿಗೆ ಹಿಡಿದು ಕೇಳಿ, ಆಮೇಲೆ ಸ್ವಿಸ್ಸನ್ನು ಹಿಡಿಯಿರಿ. ಜನತಾ ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಸ್ವಿಸ್ಸಿನದ್ದು ಸಾಮಾನ್ಯವಾಗಿ 28,800, ಸೆಕೆಂಡಿಗೆ ಎಂಟು. ಒಂದು ಎಣಿಸಬಹುದು ಎನ್ನುವ ಹಾಗಿರುತ್ತದೆ, ಇನ್ನೊಂದು ಸುಮ್ಮನೆ ಗುಂಯ್ ಎನ್ನುತ್ತದೆ. ಕೀ ಕೊಟ್ಟು ಕೇಳಲಿಕ್ಕಾದರೂ ಜನತಾ ಮನೆಯಲ್ಲಿರಲಿ. ಅದನ್ನು ನಿಮ್ಮ ವಾಚು ಎಂದು ಎಣಿಸಬೇಕಾಗಿಲ್ಲ, ಅದು ಅಪ್ಪನದು.

— ಒಂದೇ ವಾಚಿನವ, ವಿಲೆ ಪಾರ್ಲೆ

*

ಸಲಹೆ ಏನೂ ಇಲ್ಲ. ಆ ಪೈಲಟ್ ಕರಿ ಡಯಲಿನದ್ದೇ? ಡಯಲ್ ಮೊದಲಿನದೋ, ಬಣ್ಣ ಹೊಡೆದದ್ದೋ? ಹಿಂಬದಿ ಮುಚ್ಚಳ ತೆಗೆಸಿ ಮಷೀನಿನ ಫೋಟೋ ಒಂದು ತೆಗೆಯಲು ಆಗುತ್ತದೆಯೇ? ಮಾರುವುದೇ ಗಟ್ಟಿಯಾದರೆ ಬೇರೆಯವರಿಗೆ ಮಾತು ಕೊಡುವ ಮುಂಚೆ ಸಂಪಾದಕರ ಮೂಲಕ ತಿಳಿಸಿ. ಶನಿವಾರ ಸಂಜೆ ಮಾಟುಂಗಾದಲ್ಲಿ ಭೇಟಿಯಾಗಬಹುದು, ಕಾಫಿ ನನ್ನ ಲೆಕ್ಕ. ನನ್ನ ಮನೆಯವರಿಗೆ ಮಾತ್ರ ಈ ಪತ್ರ ತೋರಿಸಬೇಡಿ.

— ಹೆಸರು ಬೇಡ, ಮುಲುಂಡ್